ಒಂಟೆಯ ಗೊಬ್ಬರ: ಅಂದು ಮತ್ತು ಇಂದು

(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನಮ್ಮ ಸೀಮೆಯಲ್ಲಿ ಒಂಟೆಯನ್ನು ಸಾಕುವವರಿಲ್ಲ. ಜಾತ್ರೆಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ತಿರುಗುವ ಒಂದೆರಡು ಒಂಟೆಗಳನ್ನು ಬಿಟ್ಟರೆ ನಾವು ಅದನ್ನು ಕಂಡದ್ದೇ ಕಡಿಮೆ. ಹೀಗಿರುವಾಗ ಒಂಟೆಯ ಗೊಬ್ಬರದ ಮಾತು ನಮಗೇಕೆಂದು ತಾವು ಕೇಳಬಹುದು. ಬರಿದಾದ ಹೊಲದಲ್ಲಿ ಕುರಿಮಂದೆ ತಂಗಿಸಿ, ಕುರಿಗಾರರಿಗೆ ಕಾಳನ್ನೋ ಹಣವನ್ನೋ ಕೊಡುವ ಪದ್ಧತಿ ನಮ್ಮಲ್ಲಿ ಉಂಟಷ್ಟೆ? ಅದೇ ಪದ್ಧತಿ ರಾಜಸ್ಥಾನದಲ್ಲಿ ಒಂಟೆಗಳೊಡನೆ ನಡೆದು ಬಂದಿತ್ತು. ಅಲ್ಲಿ ಅದು ಸೊರಗಿದ ಬಗೆಯನ್ನು ಇಂದು ಸ್ವಲ್ಪ ವಿವರಿಸುತ್ತೇನೆ.

ಅಲ್ಲಿ ಒಂಟೆ ಸಾಕುವವರಲ್ಲಿ ಮುಖ್ಯರಾದವರು ರಾಯಿಕಾ ಜನ; ರೆಬಾರಿ ಎಂದೂ ಅವರಿಗೆ ಹೆಸರು. ಕೊಯ್ಲಾದ ಮೇಲೆ ಅವರು ಮಂದೆ ಹೊಡೆದುಕೊಂಡು ಊರಿಂದೂರಿಗೆ ಹೋಗುವರು. ರೈತನು ತನ್ನ ಹೊಲದಲ್ಲಿ ರಾತ್ರಿ ತಂಗಬೇಕೆಂದು ಅವರನ್ನು ಕರೆಯುವನು. ಹಗಲೆಲ್ಲ ಒಂಟೆಗಳು ಕಾಡಿನಲ್ಲಿಯೂ ಗೋಮಾಳದಲ್ಲಿಯೂ ಖೇಜ್ರಿ, ಬೋರೆ, ಜಾಲಿಗಳ ಸೊಪ್ಪು ತಿಂದು ಬರುವುವು. ರಾತ್ರಿ ಅದು ಲದ್ದಿಯಾಗಿ ಹೊಲಕ್ಕೆ ಬೀಳುವುದು. (ಖೇಜ್ರಿ ಎಂದರೆ ಬೇರೆ ಯಾವುದೂ ಅಲ್ಲ, ನಮ್ಮ ದಸರೆಯ ಬನ್ನಿ ಮರವೇ.) ಅಂದರೆ, ನೇಗಿಲು ಹೋಗದ ನೆಲದ ಸಾರವನ್ನು ಒಂಟೆಯೇ ಹೊತ್ತು ತಂದು ಉಳುವ ನೆಲಕ್ಕೆ ಹಾಕುತ್ತಿತ್ತು. ಬಂಡಿ ಬಾಡಿಗೆ ಇಲ್ಲ, ಹರಡುವ ಕೂಲಿಯೂ ಇಲ್ಲ.

ಆ ಸೀಮೆಯ ನೆಲ ಬಹುಪಾಲು ಮರಳು. ಅದರಲ್ಲಿ ಸಾವಯವ ಅಂಶ ತೀರ ಕಡಿಮೆ, ನೀರನ್ನು ಹಿಡಿದಿಟ್ಟುಕೊಳ್ಳದು. ಹಾಕಿದ ಗೊಬ್ಬರವೂ ಆ ಬಿಸಿಲಿನಲ್ಲಿ ಬೇಗ ಸವೆದುಹೋಗುತ್ತದೆ. ಆದುದರಿಂದ ಮಂದೆ ಮತ್ತೆ ಮತ್ತೆ ಬರಬೇಕಾಗಿತ್ತು.

ಈ ಗೊಬ್ಬರದ ಗುಣವೇನು? ನೀರನ್ನು ಇಷ್ಟು ಜಾಗ್ರತೆಯಿಂದ ಖರ್ಚು ಮಾಡುವ ಸಾಕುಪ್ರಾಣಿ ಮತ್ತೊಂದಿಲ್ಲವೆನ್ನಬಹುದು. ಅದರ ಲದ್ದಿ ಸಣ್ಣ ಸಣ್ಣ ಗಟ್ಟಿ ಉಂಡೆ. ಹಸಿ ಸಗಣಿಯಂತೆ ನೀರಿನ ಭಾರವಿಲ್ಲ, ಸಾಗಿಸಲು ಹಗುರ. ಆದರೆ ಒಣಗಿದ್ದುದರಿಂದ ಬೇಗ ಕೊಳೆಯದು. ಇನ್ನೊಂದು ಸೋಜಿಗವಿದೆ. 1950ರ ದಶಕದಲ್ಲಿ ಶ್ಮಿಟ್-ನೀಲ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಸಹಾರಾ ಮರುಭೂಮಿಯಲ್ಲಿ ಒಂಟೆಗಳನ್ನು ಪರೀಕ್ಷಿಸಿದರು. ಮೇವಿನಲ್ಲಿ ಸಸಾರಜನಕ ಕಡಿಮೆಯಾದಾಗ ಒಂಟೆಯು ಯೂರಿಯಾವನ್ನು ಮೂತ್ರದಲ್ಲಿ ಹೆಚ್ಚಾಗಿ ಹೊರಗೆ ಬಿಡದೆ ಪುನಃ ಹೊಟ್ಟೆಗೇ ತಿರುಗಿಸಿಕೊಳ್ಳುತ್ತದೆಂದು ಕಂಡುಬಂದಿತು. ನಾವು ಸೊಸೈಟಿಯಿಂದ ಚೀಲಗಟ್ಟಲೆ ತರುವ ಯೂರಿಯಾವೇ ಅದು! ಆದುದರಿಂದ ಒಣ ಮೇವು ತಿಂದ ಮಂದೆಯ ಮೂತ್ರದಿಂದ ಹೊಲಕ್ಕೆ ದೊಡ್ಡ ಲಾಭವನ್ನು ನಿರೀಕ್ಷಿಸುವಂತಿಲ್ಲ, ಲದ್ದಿಯೇ ಮುಖ್ಯ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ದೇಶದಲ್ಲಿ 1977ರಲ್ಲಿ ಸುಮಾರು 11 ಲಕ್ಷ ಒಂಟೆಗಳಿದ್ದುವು. 2003ರ ಜಾನುವಾರು ಗಣತಿಗೆ ಅವು 6 ಲಕ್ಷ 32 ಸಾವಿರಕ್ಕೆ ಇಳಿದುವು. 2012ರಲ್ಲಿ 4 ಲಕ್ಷ, 2019ರಲ್ಲಿ ಎರಡೂವರೆ ಲಕ್ಷ. ಈ ಎರಡೂವರೆ ಲಕ್ಷದಲ್ಲಿ 2 ಲಕ್ಷ 13 ಸಾವಿರ ರಾಜಸ್ಥಾನದವು. ಪ್ರಪಂಚದಲ್ಲಿ ನಡೆದದ್ದು ಇದಕ್ಕೆ ವಿರುದ್ಧ: 1961ರಲ್ಲಿ ಸುಮಾರು 1 ಕೋಟಿ 30 ಲಕ್ಷವಿದ್ದ ಒಂಟೆಗಳು ಇಂದು ಮೂರೂವರೆ ಕೋಟಿಯನ್ನು ಮೀರಿವೆ.

ರಸಗೊಬ್ಬರ ಬಂದುದರಿಂದ ಲದ್ದಿ ಹೋಯಿತೆಂದು ಹೇಳುವುದುಂಟು. ರಸಗೊಬ್ಬರ ಹೆಚ್ಚಿದ್ದು ನಿಜ. 1951-52ರಲ್ಲಿ ದೇಶವೆಲ್ಲ ಬಳಸಿದ ರಾಸಾಯನಿಕ ಪೋಷಕಾಂಶ ಸುಮಾರು 66 ಸಾವಿರ ಟನ್. 2010-11ರಲ್ಲಿ ಸುಮಾರು 2 ಕೋಟಿ 81 ಲಕ್ಷ ಟನ್. ಆದರೆ ಮಳೆಯನ್ನೇ ನಂಬಿದ ಮರಳು ಹೊಲದ ಸಜ್ಜೆಗೆ ದುಡ್ಡು ಕೊಟ್ಟು ಚೀಲ ಸುರಿಯುವ ಧೈರ್ಯ ಎಷ್ಟು ಮಂದಿಗೆ ಇದ್ದೀತು? ನನಗೆ ತೋರುವಂತೆ ಲದ್ದಿಯನ್ನು ಹೊಲದಿಂದ ಓಡಿಸಿದ್ದು ಚೀಲಕ್ಕಿಂತ ಹೆಚ್ಚಾಗಿ ಟೈರು.

ಹೇಗೆಂದರೆ, ರಾಯಿಕಾಗಳು ಒಂಟೆಯನ್ನು ಮಾಂಸಕ್ಕೆ ಮಾರುತ್ತಿರಲಿಲ್ಲ. ಹಾಲು ಮಾರುವುದಕ್ಕೂ ಅವರಲ್ಲಿ ಕಟ್ಟುಪಾಡಿತ್ತು. ಪುಷ್ಕರದಂಥ ಜಾತ್ರೆಗಳಲ್ಲಿ ಎಳೆಯ ಗಂಡು ಒಂಟೆಗಳನ್ನು ಗಾಡಿಗೆ, ನೇಗಿಲಿಗೆ ಮಾರುವುದೇ ಜೀವನ. ಗೊಬ್ಬರದಿಂದ ಬರುವುದು ಮೇಲು ಸಂಪಾದನೆ. ವಿಮಾನದ ಹಳೆಯ ಟೈರು ಹಾಕಿದ ಒಂಟೆ ಗಾಡಿ ಬಿಕಾನೇರಿನ ಕಡೆ ಬಹು ಕಾಲ ಮೆರೆಯಿತು. ಆಮೇಲೆ ಟ್ರ್ಯಾಕ್ಟರು, ಜೀಪು, ಪಿಕಪ್ಪುಗಳು ಬಂದುವು. ಗಂಡು ಕರುವನ್ನು ಕೊಳ್ಳುವವರು ಕಡಿಮೆಯಾದರು, ಮಂದೆ ಕರಗಿತು, ಗೊಬ್ಬರವೂ ಅದರ ಹಿಂದೆಯೇ ಹೋಯಿತು.

ಮೇವಿನ ನೆಲವೂ ಕುಗ್ಗಿತು. ಇಂದಿನ ಇಂದಿರಾ ಗಾಂಧಿ ಕಾಲುವೆಯ ಕೆಲಸ 1958ರಲ್ಲಿ ಆರಂಭವಾಯಿತು. ನೀರು ಬಂದ ಕಡೆ ಹುಲ್ಲುಗಾವಲು ಗದ್ದೆಯಾಯಿತು. ಕೊಳವೆ ಬಾವಿ ಬಂದ ಕಡೆ ಎರಡು ಬೆಳೆ. ಎರಡು ಬೆಳೆ ತೆಗೆಯುವ ಹೊಲದಲ್ಲಿ ಮಂದೆ ತಂಗುವುದೆಲ್ಲಿ? ಕುಂಭಲ್‌ಗಢದ ಅಭಯಾರಣ್ಯದಲ್ಲಿ ಮೇಯಿಸಲು ನಿರ್ಬಂಧ ಬಂದಿತು. 2014ರಲ್ಲಿ ಒಂಟೆಯನ್ನು ರಾಜ್ಯದ ಪ್ರಾಣಿಯೆಂದು ಸಾರಿದರು. 2015ರ ಕಾನೂನು ಅದರ ವಧೆಯನ್ನು ನಿಷೇಧಿಸಿ, ಹೊರರಾಜ್ಯಕ್ಕೆ ಒಯ್ಯುವುದನ್ನು ಬಿಗಿ ಮಾಡಿತು. ಉದ್ದೇಶ ಒಳ್ಳೆಯದೇ. ಆದರೆ ಕೊಳ್ಳುವವರು ಇನ್ನಷ್ಟು ಹಿಂಜರಿದು ಬೆಲೆ ಬಿದ್ದಿತೆಂದು ಸಾಕುವವರೇ ದೂರಿಕೊಂಡರು.

ಈಗ ಸಾವಯವ ಗೊಬ್ಬರಕ್ಕೆ ಪುನಃ ಬೆಲೆ ಬಂದಿದೆ, ಮಂದೆ ಮಾತ್ರ ಇಲ್ಲ. ಪಾಲಿ ಜಿಲ್ಲೆಯ ಸಾದಡಿಯಲ್ಲಿ ಒಂಟೆ ಲದ್ದಿಯಿಂದ ಕಾಗದ ಮಾಡುವುದೂ ಉಂಟು. ಅರಬ್ಬರ ರಾಸ್ ಅಲ್ ಖೈಮಾದಲ್ಲಿ 2019ರ ಹೊತ್ತಿಗೆ ಸಿಮೆಂಟ್ ಕಾರ್ಖಾನೆಯೊಂದರ ಕುಲುಮೆಗೆ ಒಂಬತ್ತು ಪಾಲು ಕಲ್ಲಿದ್ದಲಿಗೆ ಒಂದು ಪಾಲು ಲದ್ದಿ ಬೆರೆಸಿ ಸುಡುತ್ತಿದ್ದರು. ಹೊಲಕ್ಕೆ ಸಲ್ಲುವುದನ್ನು ಬೆಂಕಿಗೆ ಹಾಕುವುದೆಂದರೆ ರೈತನ ಹೊಟ್ಟೆ ಉರಿಯುತ್ತದೆ. ಆದರೆ ಅಲ್ಲಿ ಅದು ಕಸದ ಗುಂಡಿ ಸೇರುತ್ತಿತ್ತು. ಅದಕ್ಕಿಂತ ಇದು ವಾಸಿ.

ಲದ್ದಿಯನ್ನು ಹಸಿಯಾಗಿಯೇ ಹಾಕಬಾರದು. ಒಣ ಸೀಮೆಯಲ್ಲಿ ಕೊಳೆಯದ ಗೊಬ್ಬರಕ್ಕೆ ಗೆದ್ದಲು ಹತ್ತುತ್ತದೆ. ಒಂಟೆಯು ಬಳ್ಳಾರಿ ಜಾಲಿಯ ಕಾಯನ್ನು ತಿಂದರೆ ಅದರ ಬೀಜ ಲದ್ದಿಯಲ್ಲಿ ಜೀವಂತವಾಗಿ ಬಂದು ಹೊಲದಲ್ಲಿ ಮೊಳೆಯುತ್ತದೆ. ಗುಂಡಿಯಲ್ಲಿ ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಮಣ್ಣು ಮುಚ್ಚಿ, ಕಾವೇರಿ ಚೆನ್ನಾಗಿ ಕಳಿಯುವಂತೆ ಮಾಡಿದರೆ ಎರಡು ಕಾಟವೂ ಬಹಳ ಮಟ್ಟಿಗೆ ತಗ್ಗುವುದು. ನಮ್ಮ ಆಡು ಕುರಿಗಳೂ ಆ ಕಾಯನ್ನು ತಿನ್ನುವುದರಿಂದ ಕುರಿಹಿಕ್ಕೆಯ ಗೊಬ್ಬರಕ್ಕೂ ಇದೇ ಕ್ರಮ.

ಅಲ್ಲಿಯ ಆಸೆ ಈಗ ಹಾಲಿನ ಮೇಲೆ. ಗುಜರಾತಿನಲ್ಲಿ ಅಮುಲ್ ಸಂಸ್ಥೆ 2019ರಲ್ಲಿ ಒಂಟೆ ಹಾಲನ್ನು ಬಾಟಲಿಯಲ್ಲಿ ಮಾರಲು ತೊಡಗಿತು. ಗಾಡಿಯ ಕಾಲಕ್ಕೆ ಗಂಡು ಕರುವಿನ ಹಣ ಮಂದೆಯನ್ನು ಸಾಕುತ್ತಿತ್ತು. ಇನ್ನು ಹೆಣ್ಣೊಂಟೆಯ ಹಾಲು ಸಾಕಬೇಕು. ಆದರೆ ಹಾಲಿನ ಮಂದೆ ಡೈರಿಯ ದಾರಿ ಬಿಟ್ಟು ದೂರ ಹೋಗಲಾರದು. ಹತ್ತಿರದ ಹೊಲಗಳಿಗೆ ಗೊಬ್ಬರ ಸಿಕ್ಕೀತು. ದೂರದ ಊರಿನವರು ಟ್ರಾಲಿ ಬಾಡಿಗೆ ಕೊಟ್ಟು ತರಿಸಿಕೊಳ್ಳಬೇಕಾದೀತು.