ಬ್ರೇಕ್ ಒತ್ತಿದ ಮೇಲೂ ಗಾಡಿ ಎಷ್ಟು ದೂರ ಓಡುತ್ತದೆ?

ಮಕ್ಕಳೇ, 30 ಸೆಂಟಿಮೀಟರಿನ ಒಂದು ಸ್ಕೇಲ್ ತಗೊಳ್ಳಿ. ನಿಮ್ಮ ಗೆಳೆಯನೋ ಗೆಳತಿಯೋ ಅದರ ಮೇಲ್ತುದಿ ಹಿಡಿದು ನೇರವಾಗಿ ತೂಗುಬಿಡಲಿ. ಸೊನ್ನೆ ಇರುವ ಕೆಳತುದಿಯ ಎರಡೂ ಪಕ್ಕ ನಿಮ್ಮ ಹೆಬ್ಬೆರಳು, ತೋರುಬೆರಳು ಇರಲಿ, ಆದರೆ ಮುಟ್ಟುವಂತಿಲ್ಲ. ಮುನ್ಸೂಚನೆ ಕೊಡದೆ ಸ್ಕೇಲ್ ಬಿಟ್ಟಾಗ ನೀವು ಹಿಡಿಯಬೇಕು. ಎಷ್ಟೇ ಚುರುಕಾಗಿದ್ದರೂ ಸೊನ್ನೆಯ ಹತ್ತಿರ ಹಿಡಿಯಲು ಆಗುವುದಿಲ್ಲ. ಬೆರಳು 20ರ ಗೆರೆಯ ಹತ್ತಿರ ಬಿಗಿಯಾದರೆ, ಅಷ್ಟರಲ್ಲಿ ಒಂದು ಸೆಕೆಂಡಿನ ಐದನೇ ಒಂದು ಭಾಗ ಕಳೆದಿದೆ ಎಂದು ಲೆಕ್ಕ. ಕಣ್ಣು ಕಂಡದ್ದು ಮಿದುಳಿಗೆ ಹೋಗಿ, ಮಿದುಳಿನ ಅಪ್ಪಣೆ ಬೆರಳಿಗೆ ಬರಲು ಹಿಡಿದ ಸಮಯ ಅದು.

ಸ್ಕೇಲ್ ಬೀಳುತ್ತದೆ ಎಂದು ನೀವು ಕಾದು ಕೂತಿದ್ದಿರಿ. ದಾವಣಗೆರೆಯ ಪಿ.ಬಿ. ರೋಡಿನಲ್ಲಿ ಗಾಡಿ ಓಡಿಸುವವರು ಹಾಗೆ ಯಾರಿಗಾಗಿಯೂ ಕಾದಿರುವುದಿಲ್ಲ. ಎದುರಿಗೆ ಒಬ್ಬ ಹುಡುಗ ಓಡಿ ಬಂದರೆ ಅವರು ಮೊದಲು ಅವನನ್ನು ಕಾಣಬೇಕು, ಅಪಾಯ ಎಂದು ಅರಿಯಬೇಕು, ಆಮೇಲೆ ಆಕ್ಸಿಲರೇಟರ್ ಮೇಲಿನ ಕಾಲನ್ನು ಎತ್ತಿ ಬ್ರೇಕಿನ ಮೇಲೆ ಇಡಬೇಕು. ಇದಕ್ಕೆ ಸುಮಾರು ಒಂದು ಸೆಕೆಂಡ್ ಬೇಕು, ಕೆಲವೊಮ್ಮೆ ಹೆಚ್ಚೂ ಬೇಕು. ಅಷ್ಟು ಹೊತ್ತೂ ಗಾಡಿ ಮೊದಲಿನ ವೇಗದಲ್ಲೇ ಮುಂದೆ ಬರುತ್ತಿರುತ್ತದೆ.

ಎಷ್ಟು ಮುಂದೆ? ಗಂಟೆಗೆ 30 ಕಿ.ಮೀ. ವೇಗದ ಕಾರು ಒಂದು ಸೆಕೆಂಡಿನಲ್ಲಿ 8 ಮೀಟರಿಗಿಂತ ಹೆಚ್ಚು ಓಡುತ್ತದೆ. ಬ್ರೇಕ್ ಹಿಡಿದ ಮೇಲೆ, ಒಣಗಿದ ಒಳ್ಳೆಯ ರಸ್ತೆಯಲ್ಲಿ, ಇನ್ನೂ 5 ಮೀಟರ್. ಒಟ್ಟು 13 ಮೀಟರ್ ಎನ್ನಿ. ಅದೇ ಕಾರು 60ರಲ್ಲಿ ಬಂದರೆ? ದುಪ್ಪಟ್ಟು, 26 ಎನ್ನುತ್ತೀರಿ ಅಲ್ಲವೇ? ಇಲ್ಲ. ಬ್ರೇಕ್ ಮುಟ್ಟುವ ಮೊದಲೇ 17 ಮೀಟರ್ ಹೋಯಿತು. ಬ್ರೇಕ್ ಹಿಡಿದ ಮೇಲೆ 20 ಮೀಟರ್. ಒಟ್ಟು 37. ವೇಗ ಎರಡು ಪಟ್ಟಾದರೆ ಓಡುವ ಗಾಡಿಯ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಆ ಶಕ್ತಿಯನ್ನೆಲ್ಲ ಬ್ರೇಕು ಮತ್ತು ಟೈರು ಉಜ್ಜಿ ಉಜ್ಜಿ ಶಾಖವಾಗಿಸಿ ಕಳೆಯಬೇಕು. ಹಾಗಾಗಿ ಬ್ರೇಕಿನ ದೂರವೂ ನಾಲ್ಕು ಪಟ್ಟು. ಮಳೆ ಬಿದ್ದ ರಸ್ತೆಯಲ್ಲಿ, ಮೆಕ್ಕೆಜೋಳದ ಮೂಟೆ ಹೇರಿಕೊಂಡ ಲಾರಿಗೆ ಇನ್ನೂ ಹೆಚ್ಚು ಜಾಗ ಬೇಕು. ಡ್ರೈವರ್ ಎಷ್ಟೇ ಒಳ್ಳೆಯವರಾಗಿದ್ದರೂ ಈ ಲೆಕ್ಕವನ್ನು ತಪ್ಪಿಸಲಾರರು.

ಪುಣೆಯಿಂದ ಬೆಂಗಳೂರಿಗೆ ಹೋಗುತ್ತಿದ್ದ ಹಳೆಯ ಹೆದ್ದಾರಿಯೇ ನಮ್ಮ ಪಿ.ಬಿ. ರೋಡ್. ಹರಿಹರದಲ್ಲಿ ತುಂಗಭದ್ರೆಯನ್ನು ದಾಟಿ, ದಾವಣಗೆರೆಯ ನಡುವೆಯೇ ಹಾದುಹೋಗುತ್ತದೆ. ಈಗ ದೂರದೂರಿನ ಲಾರಿಗಳು ಬೈಪಾಸಿನಲ್ಲಿ ಹೋದರೂ ಊರೊಳಗೆ ಸಿಟಿ ಬಸ್ಸು, ಆಟೋ, ಬೈಕು ಕಡಿಮೆಯಾಗಿಲ್ಲ. ಇಂಥ ರಸ್ತೆಯಲ್ಲಿ ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವ ಜಾಗ ನಿಂತ ಬಸ್ಸಿನ ಮುಂದಿನ ಮೂಲೆ.

ಅಲ್ಲಿ ಏನಾಗುತ್ತದೆ ನೋಡಿ. ಬಸ್ಸು ಎಡಕ್ಕೆ ನಿಂತಿದೆ. ನೀವು ಇಳಿದು, ಅದರ ಮೂತಿಯ ಮುಂದಿನಿಂದ ರಸ್ತೆ ದಾಟಲು ಹೊರಟಿರಿ. ಅದೇ ಹೊತ್ತಿಗೆ ಬಸ್ಸಿನ ಬಲಗಡೆಯಿಂದ ಒಂದು ಬೈಕು ಓವರ್‌ಟೇಕ್ ಮಾಡುತ್ತಿದೆ. ಬಸ್ಸು ಅಡ್ಡ ಇರುವುದರಿಂದ ನಿಮಗೆ ಬೈಕು ಕಾಣದು, ಬೈಕಿನವರಿಗೆ ನೀವು ಕಾಣಿರಿ. ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಹೊತ್ತಿಗೆ ನಡುವೆ 10 ಮೀಟರ್ ಉಳಿದಿದೆ ಎನ್ನಿ. 40ರ ವೇಗದ ಬೈಕಿಗೆ ಅದು ಒಂದು ಸೆಕೆಂಡಿಗೂ ಕಡಿಮೆ. ಅಂದರೆ ಅವರ ಕೈಕಾಲು ಬ್ರೇಕಿಗೆ ಹೋಗುವುದರೊಳಗೇ ಜಾಗ ಮುಗಿಯಿತು. ಆದ್ದರಿಂದ ಬಸ್ಸು ಹೊರಟುಹೋಗಲಿ. ಒಂದು ನಿಮಿಷ ಕಾದರೆ ಎರಡೂ ಕಡೆಯ ರಸ್ತೆ ತೆರೆದುಕೊಳ್ಳುತ್ತದೆ. ನಿಂತ ಆಟೋ, ತಳ್ಳುಗಾಡಿಗಳ ಸಂದಿಯಿಂದ ನುಗ್ಗುವುದೂ ಇಷ್ಟೇ ಅಪಾಯ. ನಿಮ್ಮ ಎತ್ತರಕ್ಕೆ ಒಂದು ಆಟೋ ಸಾಕು, ಪೂರಾ ಮರೆಯಾಗಿಬಿಡುತ್ತೀರಿ.

ಇನ್ನೊಂದು ವಿಷಯ ದೊಡ್ಡವರಿಗೂ ಗೊತ್ತಿರುವುದು ಕಡಿಮೆ. ದೂರದ ಗಾಡಿ ಹತ್ತಿರ ಬಂದಂತೆ ಕಣ್ಣಿನೊಳಗೆ ಅದರ ಬಿಂಬ ದೊಡ್ಡದಾಗುತ್ತದೆ. ಅದು ಹಿಗ್ಗುವ ರೀತಿಯಿಂದಲೇ ಮಿದುಳು ವೇಗವನ್ನು ಅಂದಾಜು ಮಾಡುವುದು. ದೂರದಲ್ಲಿರುವಾಗ ಬಿಂಬ ಬಹಳ ನಿಧಾನ ಹಿಗ್ಗುತ್ತದೆ. ಹತ್ತಿರ ಬಂದಾಗ ಒಮ್ಮೆಲೇ ಹಿಗ್ಗುತ್ತದೆ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೇ ಕಾಲೇಜಿನ ವಿಜ್ಞಾನಿಗಳು ಪ್ರಾಥಮಿಕ ಶಾಲೆಯ ಮಕ್ಕಳನ್ನು ಪರೀಕ್ಷಿಸಿ ನೋಡಿದರು. ಗಂಟೆಗೆ ಸುಮಾರು 32 ಕಿ.ಮೀ.ಗಿಂತ ವೇಗವಾಗಿ ಬರುವ ವಾಹನದ ವೇಗವನ್ನು ಆ ವಯಸ್ಸಿನ ಮಕ್ಕಳು ಸರಿಯಾಗಿ ಅಳೆಯಲಾರರು ಎಂದು 2010ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಇದು ಮಕ್ಕಳ ತಪ್ಪಲ್ಲ, ದಡ್ಡತನವೂ ಅಲ್ಲ; ಆ ಸಾಮರ್ಥ್ಯ ಇನ್ನೂ ಬೆಳೆಯುತ್ತಿದೆ, ಅಷ್ಟೇ. ಅದಕ್ಕೇ ಚಿಕ್ಕವರು ದೊಡ್ಡವರ ಕೈ ಹಿಡಿದೇ ದಾಟಬೇಕು. ‘ಇನ್ನೂ ದೂರ ಇದೆ, ಓಡಿಬಿಡೋಣ’ ಎಂದು ನಿಮ್ಮ ಕಣ್ಣು ಹೇಳಿದರೆ ನಂಬಬೇಡಿ.

ದಾಟಲು ಎಷ್ಟು ಹೊತ್ತು ಬೇಕು ಎಂಬುದನ್ನೂ ಲೆಕ್ಕ ಹಾಕೋಣ. ಡಿವೈಡರ್‌ವರೆಗೆ 7 ಮೀಟರ್ ಎಂದಿಟ್ಟುಕೊಳ್ಳಿ. ಸಾಧಾರಣ ನಡಿಗೆಗೆ 6 ಸೆಕೆಂಡ್. ಅಷ್ಟರಲ್ಲಿ 50ರ ವೇಗದ ಗಾಡಿ 80 ಮೀಟರ್ ಬಂದುಬಿಡುತ್ತದೆ. ನಮ್ಮಲ್ಲಿ ಗಾಡಿಗಳು ರಸ್ತೆಯ ಎಡಬದಿಯಲ್ಲಿ ಓಡುವುದರಿಂದ ಮೊದಲ ಅರ್ಧ ದಾಟುವಾಗ ಅವು ನಿಮ್ಮ ಬಲದಿಂದ ಬರುತ್ತವೆ, ಡಿವೈಡರ್ ಆದ ಮೇಲೆ ಎಡದಿಂದ. ಆದರೂ ಎರಡೂ ಕಡೆ ನೋಡಿ, ಏಕೆಂದರೆ ರಾಂಗ್ ಸೈಡಿನಲ್ಲಿ ಬರುವವರೂ ಇದ್ದಾರೆ. ಕಿವಿಯನ್ನು ನೆಚ್ಚಿಕೊಳ್ಳಬೇಡಿ, ಎಲೆಕ್ಟ್ರಿಕ್ ಸ್ಕೂಟರು ಸದ್ದಿಲ್ಲದೆ ಬರುತ್ತದೆ. ಹರಿಹರದ ಕಡೆ ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ನಡೆಯುವಾಗ ಬಲಬದಿ ಹಿಡಿಯಿರಿ, ಎದುರು ಬರುವ ಗಾಡಿ ಕಾಣುತ್ತದೆ. ಸಂಜೆಯಾದರೆ ಬಿಳಿ ಅಥವಾ ತಿಳಿಬಣ್ಣದ ಬಟ್ಟೆ ಹಾಕಿ. ಕಡುಬಣ್ಣ ಹೆಡ್‌ಲೈಟಿನ ಬೆಳಕನ್ನು ಹೀರಿಕೊಳ್ಳುತ್ತದೆ, ಬಿಳಿ ಹಿಂದಕ್ಕೆ ಎಸೆಯುತ್ತದೆ.

2022ರ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ 32,825 ಮಂದಿ ನಡೆದು ಹೋಗುತ್ತಿದ್ದವರು. ಇಷ್ಟೊಂದು ಸಾವಿಗೆ ಮಕ್ಕಳ ಎಚ್ಚರ ಒಂದೇ ಮದ್ದಲ್ಲ. ಜನ ಮತ್ತು ವಾಹನ ಒಟ್ಟಿಗೆ ಓಡಾಡುವ ಕಡೆ ವೇಗ 30 ದಾಟಬಾರದು ಎಂದು 2020ರಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು ಹೇಳಿವೆ. ಅದು ಏಕೆ 30 ಎಂಬುದು ಈಗ ನಿಮಗೆ ಗೊತ್ತು.

ಹಾಗಾಗಿ ಬರುವ ಭಾನುವಾರ ಒಂದು ಕೆಲಸ ಮಾಡಿ. ಗಾಡಿಗಳಿಲ್ಲದ ಮೈದಾನದಲ್ಲಿ 13 ಮೀಟರಿಗೆ ಒಂದು ಗೆರೆ, 37 ಮೀಟರಿಗೆ ಇನ್ನೊಂದು ಗೆರೆ ಎಳೆಯಿರಿ. ಬೈಕು, ಕಾರು ಓಡಿಸುವ ಅಪ್ಪ, ಅಮ್ಮ, ಅಣ್ಣ, ಚಿಕ್ಕಪ್ಪನನ್ನು ಕರೆದುಕೊಂಡು ಹೋಗಿ ಒಂದು ಗೆರೆಯಿಂದ ಇನ್ನೊಂದಕ್ಕೆ ನಡೆಸಿ, ಶಾಲೆಯ ಮುಂದೆ 30ಕ್ಕಿಂತ ಜೋರಾಗಿ ಓಡಿಸಬೇಡಿ ಎಂದು ಕೇಳಿಕೊಳ್ಳಿ.