ಗುಟ್ಟಿನ ಮತ ಬಂದ ಬಗೆ



ಹದಿನೆಂಟು ತುಂಬಿ ಮೊದಲ ಸಲ ಮತಗಟ್ಟೆಗೆ ಹೋದಾಗ ನೀವು ಒಂದು ಮರೆಯ ಹಿಂದೆ ಒಬ್ಬರೇ ನಿಲ್ಲುತ್ತೀರಿ. ಪ್ರಜಾಪ್ರಭುತ್ವದ ಇತಿಹಾಸದಲ್ಲಿ ಆ ಮರೆ ಬಹಳ ತಡವಾಗಿ ಬಂದದ್ದು.

ಪ್ರಾಚೀನ ಅಥೆನ್ಸಿನ ಜನಸಭೆಯಲ್ಲಿ ಸಾಮಾನ್ಯವಾಗಿ ಎಲ್ಲರೆದುರು ಕೈಯೆತ್ತಿ ಮತ ಹಾಕುತ್ತಿದ್ದರು. ಸ್ತ್ರೀಯರಿಗೂ ಗುಲಾಮರಿಗೂ ಅಲ್ಲಿ ಸ್ಥಾನವೇ ಇರಲಿಲ್ಲವೆನ್ನಿ. ಅದಿರಲಿ, ಪಾರ್ಲಿಮೆಂಟಿಗೆ ಹೆಸರಾದ ಇಂಗ್ಲೆಂಡಿನಲ್ಲಿಯೂ 1872ರವರೆಗೆ ಮತದಾರನು ತನ್ನ ಅಭ್ಯರ್ಥಿಯ ಹೆಸರನ್ನು ಅಧಿಕಾರಿಗಳ ಮುಂದೆ ಬಾಯಿಬಿಟ್ಟು ಹೇಳಬೇಕಾಗಿತ್ತು. ಯಾರು ಯಾರಿಗೆ ಮತವಿತ್ತರೆಂಬ ಪಟ್ಟಿಗಳು ಅಚ್ಚಾಗಿ ಮಾರಾಟವಾಗುತ್ತಿದ್ದವು! ಗೇಣಿಯ ರೈತನಿಗೆ ಇದರ ಅರ್ಥವೇನೆಂದು ಊಹಿಸಿ. ವೇಲ್ಸ್ ಪ್ರಾಂತದಲ್ಲಿ 1868ರ ಚುನಾವಣೆಯ ನಂತರ, ಧಣಿಯ ಇಷ್ಟಕ್ಕೆ ವಿರುದ್ಧವಾಗಿ ಮತವಿತ್ತ ಅನೇಕ ರೈತರನ್ನು ಒಕ್ಕಲೆಬ್ಬಿಸಲಾಯಿತು. ಮತವೇನೋ ಅವರದೇ, ಆದರೆ ಹೊಲ ಧಣಿಯದು.

1838ರಲ್ಲಿ ಚಾರ್ಟಿಸ್ಟ್ ಚಳವಳಿಗಾರರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಗುಪ್ತ ಮತದಾನವೂ ಒಂದು. ಜಾನ್ ಸ್ಟೂವರ್ಟ್ ಮಿಲ್ ಅವರಂಥ ಉದಾರವಾದಿ ಚಿಂತಕರೇ ಇದನ್ನು ಒಪ್ಪಲಿಲ್ಲವೆಂಬುದು ಸೋಜಿಗ. ಮತವು ಸಾರ್ವಜನಿಕ ಹೊಣೆ, ಆದ್ದರಿಂದ ಜನರ ಕಣ್ಣೆದುರಿಗೇ ಚಲಾಯಿಸಬೇಕೆಂದು ಅವರು 1861ರಲ್ಲಿ ವಾದಿಸಿದರು. ತತ್ತ್ವ ಉದಾತ್ತವೇ, ಹೊಲ ಕಳೆದುಕೊಳ್ಳುವ ಭಯವಿದ್ದವನಿಗೆ ಅದು ದುಬಾರಿ.

ದಾರಿ ತೋರಿಸಿದ್ದು ಆಸ್ಟ್ರೇಲಿಯ. 1856ರಲ್ಲಿ ಅಲ್ಲಿನ ವಿಕ್ಟೋರಿಯ ಮತ್ತು ದಕ್ಷಿಣ ಆಸ್ಟ್ರೇಲಿಯ ವಸಾಹತುಗಳು ಸರ್ಕಾರವೇ ಒದಗಿಸುವ ಮತಪತ್ರ ಮತ್ತು ಪೆಟ್ಟಿಗೆಯ ಪದ್ಧತಿಯನ್ನು ತಂದವು. ಬ್ರಿಟನ್ನಿನಲ್ಲಿ 1872ರ ಕಾಯಿದೆಯಡಿ ಮೊದಲ ಪಾರ್ಲಿಮೆಂಟರಿ ಉಪಚುನಾವಣೆ ನಡೆದದ್ದು ಆಗಸ್ಟ್ 15ರಂದು, ಪಾಂಟಿಫ್ರ್ಯಾಕ್ಟ್ ಎಂಬ ಪಟ್ಟಣದಲ್ಲಿ. ಅತಿಮಧುರದ ಮಿಠಾಯಿಗೆ ಹೆಸರಾದ ಊರದು. ಪೆಟ್ಟಿಗೆಯ ಅರಗಿಗೆ ಒತ್ತಿದ ಮುದ್ರೆಯೂ ಮಿಠಾಯಿ ಕಾರ್ಖಾನೆಯದೇ!

ನಮ್ಮಲ್ಲಿ 1951-52ರ ಮೊದಲ ಮಹಾಚುನಾವಣೆಯೇ ಗುಪ್ತ ಮತದಾನದಿಂದ ನಡೆಯಿತು. ಮತದಾರರಲ್ಲಿ ಬಹುಪಾಲು ಓದು ಬಾರದವರು. ಆದ್ದರಿಂದ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಪ್ರತ್ಯೇಕ ಪೆಟ್ಟಿಗೆಯನ್ನು ಮರೆಯಲ್ಲಿಟ್ಟಿದ್ದರು. ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರೆ ಸಾಕಾಗಿತ್ತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ವ್ಯಕ್ತಿಯ ಮತ ಗುಟ್ಟಾದರೂ ಊರಿನ ಮತ ಗುಟ್ಟಾಗಿ ಉಳಿದೀತೆ? ಕಾಗದದ ಮತಪತ್ರಗಳಿದ್ದಾಗ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಮತಯಂತ್ರ ಬಂದ ಮೇಲೆ ಪ್ರತಿ ಮತಗಟ್ಟೆಯ ಲೆಕ್ಕವೂ ಬೇರೆಬೇರೆಯಾಗಿ ಸಿಗುತ್ತದೆ. ಯಾವ ಹಳ್ಳಿ ತನಗೆ ಒಲಿಯಲಿಲ್ಲವೆಂದು ಗೆದ್ದವನಿಗೆ ತಿಳಿದುಬಿಡುತ್ತದೆ. ಆಮೇಲೆ ಆ ಹಳ್ಳಿಯ ರಸ್ತೆ, ನೀರಿನ ಗತಿಯೇನು? ಯಂತ್ರಗಳ ಮತಗಳನ್ನು ಒಟ್ಟುಗೂಡಿಸಿ ತೋರಿಸುವ 'ಟೋಟಲೈಸರ್' ಉಪಕರಣವನ್ನು ಚುನಾವಣಾ ಆಯೋಗ 2008ರಲ್ಲಿ ಸೂಚಿಸಿತು. 2015ರಲ್ಲಿ ಕಾನೂನು ಆಯೋಗವೂ ಬೆಂಬಲಿಸಿತು. ಅದಿನ್ನೂ ಜಾರಿಗೆ ಬಂದಿಲ್ಲ.