ಬಾಗಿನ ಮತ್ತು ಅಳತೆ ಪುಸ್ತಕ



ನೀರಾವರಿ ಕೆಲಸದಲ್ಲೇ ತಲೆ ನರೆತ ನನ್ನನ್ನು ಜನ ಮತ್ತೆ ಮತ್ತೆ ಕೇಳುತ್ತಾರೆ: ಬೆಳಿಗ್ಗೆ ಇಷ್ಟಲಿಂಗ ಪೂಜೆ ಮಾಡುವ ನೀವು ಸೈಟಿಗೆ ಹೋದ ಮೇಲೆ ದೇವರನ್ನು ಎಲ್ಲಿಡುತ್ತೀರಿ? ಮೈಮೇಲೇ ಇರುವ ಲಿಂಗವನ್ನು ಬೇರೆಲ್ಲಿ ಇಡಲಿ?

ದೊಡ್ಡ ಅಣೆಕಟ್ಟುಗಳ ಒಳಗೆ ಗ್ಯಾಲರಿ ಎಂಬ ಸುರಂಗದಂಥ ದಾರಿ ಇರುತ್ತದೆ. ಎಂಥ ಗಟ್ಟಿ ಕಟ್ಟೆಯೂ ಒಂದಿಷ್ಟು ಜಿನುಗುತ್ತದೆ. ಆ ನೀರನ್ನು ಚರಂಡಿಯಲ್ಲಿ ಕೂಡಿಸಿ, ‘ವಿ’ ಆಕಾರಕ್ಕೆ ಕತ್ತರಿಸಿದ ತಗಡಿನ ಮೇಲೆ ಹರಿಸಿ ಅಳೆಯುತ್ತೇವೆ. ನಮ್ಮವರ ಬಾಯಲ್ಲಿ ಅದು ವಿ-ನಾಚ್. ಅಲ್ಲಿ ನೀರಿನ ಎತ್ತರ ಎರಡರಷ್ಟಾದರೆ ಹರಿವು ಐದೂವರೆ ಪಟ್ಟು ದಾಟುತ್ತದೆ. ಟಾರ್ಚ್ ಹಿಡಿದು ಬಗ್ಗಿ ಓದುವಾಗ ಒಂದು ಮಿಲಿಮೀಟರನ್ನೂ ಅಲಕ್ಷಿಸುವಂತಿಲ್ಲ. ಜಲಾಶಯದ ಮಟ್ಟ ಏರದೆ ಜಿನುಗು ಏರಿತೇ, ತಿಳಿನೀರು ಕದಡಿತೇ, ಒಳಗೇನೋ ಕೊಚ್ಚಿ ಬರುತ್ತಿದೆಯೆಂದು ಎಚ್ಚರಾಗಬೇಕು. ಆ ಕತ್ತಲಲ್ಲಿ ನಮ್ಮನ್ನು ನೋಡುವ ಮೇಲಧಿಕಾರಿ ಇರುವುದಿಲ್ಲ. ಇಳಿಯದೆಯೇ ನಿನ್ನೆಯ ಅಂಕಿಯನ್ನು ಇಂದಿಗೂ ಬರೆದುಬಿಡಬಹುದು. ಹಾಗೆ ಬರೆಯದಂತೆ ನನ್ನ ಕೈ ಹಿಡಿದದ್ದು ಭಕ್ತಿ. ದೇವರನ್ನು ನಂಬದ ಗೆಳೆಯರೂ ಅಷ್ಟೇ ನಿಷ್ಠೆಯಿಂದ ಇಳಿದಿದ್ದಾರೆ, ಅದನ್ನೂ ಹೇಳಬೇಕು.

ಎಂ.ಬಿ. ಎಂದು ಕರೆಯುವ ಅಳತೆ ಪುಸ್ತಕದಲ್ಲಿ ತಪ್ಪಿದ ಅಂಕಿಯನ್ನು ಅಳಿಸುವಂತಿಲ್ಲ. ಗೀಟು ಎಳೆದು, ಸರಿಯಾದದ್ದನ್ನು ಬರೆದು, ಸಹಿ ಹಾಕಬೇಕು. ಶರಣ ಆಯ್ದಕ್ಕಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳಿಸಿದ ಕಥೆ ನಮಗೆಲ್ಲ ಗೊತ್ತು. ತೆಗೆದ ಹೂಳು ಒಂದು ಘನಮೀಟರ್, ಬರೆದದ್ದು ಒಂದೂವರೆ ಎಂಬಲ್ಲಿ ಆ ತಾಯಿ ಬಂದು ನಿಲ್ಲುತ್ತಾಳೆಂದೇ ನಾನು ನಂಬಿದವನು.

ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಕೊಚ್ಚಿಹೋಯಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ರೈತರ ಕಣ್ಣೆದುರೇ ಬೆಳೆಯ ನೀರು ಹೊಳೆ ಪಾಲಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ತುಂಡುಗಳನ್ನು ಒಂದರ ಮೇಲೊಂದು ಇಳಿಸಿ ಕಿಂಡಿ ಮುಚ್ಚಿದರು. ಆ ದಿನಗಳಲ್ಲಿ ನಾನೂ ಪ್ರಾರ್ಥಿಸಿದೆ, ಅಲ್ಲಿ ದುಡಿಯುತ್ತಿದ್ದವರಲ್ಲಿ ಯಾರ ಕಾಲೂ ಜಾರದಿರಲಿ ಎಂದು. ಎಪ್ಪತ್ತು ವರ್ಷ ದುಡಿದ ಉಕ್ಕು ಸವೆಯುತ್ತದೆ, ಹುಡುಕಿದರೆ ಸವೆತ ಕಾಣುತ್ತದೆ. ಇಂಥದ್ದನ್ನು ದೈವೇಚ್ಛೆ ಎಂದವರು ದೇವರ ಮೇಲೆ ಅಪವಾದ ಹೊರಿಸುತ್ತಾರೆ.

ಜಲಾಶಯ ತುಂಬಿದಾಗ ಬಾಗಿನ ಅರ್ಪಿಸುವ ಪದ್ಧತಿ ನಿಲ್ಲಬೇಕೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊರದಲ್ಲಿ ಅರಿಸಿನ, ಕುಂಕುಮ, ಬಳೆ ಇಟ್ಟು ಕೊಡುವಾಗ ಹೊಳೆಯನ್ನು ಮನೆಮಗಳಂತೆ ಕಾಣುತ್ತೇವೆ. ಟಿಎಂಸಿ ಲೆಕ್ಕಕ್ಕೆ ಆ ಸಂಬಂಧ ಸಿಗದು. ನನ್ನದೊಂದು ಬೇಡಿಕೆ ಇದೆ. ಬಾಗಿನದ ದಿನ ಅದೇ ಕಟ್ಟೆಯ ಮೇಲೆ ಒಂದು ಬೋರ್ಡು ಇರಲಿ: ಈ ವರ್ಷ ಯಾವ ಯಾವ ಗೇಟಿನ ಚೈನು ಪರೀಕ್ಷೆಯಾಯಿತು, ಗ್ರೀಸ್ ಹಾಕಿದ್ದು ಯಾವಾಗ, ಗ್ಯಾಲರಿಯ ಜಿನುಗು ಎಷ್ಟು, ಇಳಿದು ನೋಡಿದವರು ಯಾರು. ಕನ್ನಡದಲ್ಲಿ, ರೈತರು ದೂರದಿಂದಲೇ ಓದುವಷ್ಟು ದಪ್ಪ ಅಕ್ಷರದಲ್ಲಿ. ಮಂತ್ರಿಗಳು ಮೊರ ಹಿಡಿಯುವ ಮುನ್ನ ಅದನ್ನೋದಿ ಕೆಳಗೆ ಸಹಿ ಹಾಕಲಿ.